ನಕಾಶೆಯ ಹಿಂದಿನ ಚಾಪೆ

ಹೋದ ವಾರ ಎದುರು ಮನೆಯವರು ಬಾಗಿಲಿಗೆ ವಾರ್ನಿಶ್ ಹೊಡೆಸಿದರು. ನಾನು ಊಟ ಮುಗಿಸಿ ಅಡ್ಡಾಗುವ ಹೊತ್ತು. ಆ ಘಾಟು ಕಿಟಕಿಯಿಂದ ನೇರ ಒಳಗೆ ನುಗ್ಗಿತು. ನನ್ನ ಮಧ್ಯಾಹ್ನಕ್ಕೆ ಯಾರಾದರೂ ಅಡ್ಡ ಬಂದರೆ ನಾನು ಸುಮ್ಮನಿರುವವಳಲ್ಲ, ಅದು ಓಣಿಗೆಲ್ಲ ಗೊತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡು, ನಾಲ್ಕು ಮಾತು ಅಂದೇ ಬರೋಣವೆಂದು ಎದ್ದು ಕುಳಿತೆ. ಕುಳಿತವಳು ಕುಳಿತೇ ಇದ್ದೆ. ಬೈಯುವ ಮನಸ್ಸು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬಟ್ಟೆಗೆ ಅಂಟಿಸಿ ವಾರ್ನಿಶ್ ಬಳಿದ ಹಳೆಯ ಗೋಡೆ ನಕಾಶೆಗಳ ವಾಸನೆ ಅದು. ಒಂದಿಷ್ಟು ಧೂಳು, ಒಂದಿಷ್ಟು ಪುಟಾಣಿ-ಬೆಲ್ಲದ ವಾಸನೆ ಅದರಲ್ಲಿ ಸೇರಿದ್ದರೆ ದೊಡ್ಡಕ್ಕೋರು ಬಾಗಿಲಲ್ಲಿ ಬಂದು ನಿಂತೇಬಿಡುತ್ತಿದ್ದರು...

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಿದ್ದರು. ಮುಖ್ಯ ಉಪಾಧ್ಯಾಯಿನಿ ದೊಡ್ಡಕ್ಕೋರು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹುಬ್ಬಳ್ಳಿಯಲ್ಲಿ, ಕಮರಿಪೇಟೆಯ ಆಚೆಗಿದ್ದ ಒಂದು ಹೆಣ್ಣುಮಕ್ಕಳ ಶಾಲೆಗೆ ನಾನು ಹೊಸದಾಗಿ ಸೇರಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನಮ್ಮ ಓಣಿಯಿಂದ ಓದಿ ಅಕ್ಕೋರಾದವಳು ನಾನೊಬ್ಬಳೇ. ಅಪ್ಪ ರೇಲ್ವೆ ವರ್ಕ್‌ಶಾಪಿನಲ್ಲಿ ಕಬ್ಬಿಣ ಹೊರುತ್ತಿದ್ದ. ಕೆಲ ವರ್ಷದ ಹಿಂದೆ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದು ಗೋಡೆಗೆ ಬುದ್ಧನ ಪಟ ಹಾಕಿದ್ದ. ನಾನು ಬೆಳಿಗ್ಗೆ ಸೀರೆಯ ನೆರಿಗೆ ಸರಿಮಾಡಿಕೊಂಡು ಹೊರಟರೆ ಓಣಿಯ ಮುದುಕರು ಕಟ್ಟೆಯಿಂದ ಇಳಿಬಿಟ್ಟ ಕಾಲು ಎಳೆದುಕೊಂಡು ದಾರಿ ಬಿಡುತ್ತಿದ್ದರು. ಅಷ್ಟು ಮಂದಿಯ ಆಸೆಯನ್ನು ಹೊತ್ತು ನಡೆಯುವುದು ಹೆಮ್ಮೆಯೂ ಹೌದು, ಭಾರವೂ ಹೌದು.

ಸೇರುವ ಮುಂಚಿನ ಬೇಸಿಗೆಯಲ್ಲಿ ನನಗೆ ವಿಷಮಜ್ವರ ಬಂದು ಹೋಗಿತ್ತು. ಜ್ವರ ಹೋಯಿತು, ದಣಿವು ಹೋಗಲಿಲ್ಲ. ಬೆಳಿಗ್ಗೆ ಏಳುವಾಗಲೇ ದಿನವೆಲ್ಲ ಗೇದು ಬಂದವಳ ಹಾಗೆ ಮೈ ಭಾರ. ಹಲಗೆಯ ಮೇಲೆ ಬರೆಯಲು ಕೈ ಎತ್ತಿದರೆ ಭುಜ ನಡುಗಿ ಅಕ್ಷರ ಕೆಳಗೆ ಜಾರುತ್ತಿದ್ದವು. ಓದಿದ ಸಾಲನ್ನೇ ಮತ್ತೆ ಓದುತ್ತಿದ್ದೆ. ಡಾಕ್ಟರು ಕಣ್ಣು, ನಾಲಿಗೆ ನೋಡಿ, "ಏನೂ ಇಲ್ಲ, ಹಾಲು ಕುಡಿ" ಎಂದರು. ಹಾಲು! ಮನೆಯಲ್ಲಿ ಚಹಾಕ್ಕೆ ಹಾಕುವಷ್ಟಿದ್ದರೆ ದೊಡ್ಡದು. ಅವ್ವನಿಗೆ ಇದು ದೃಷ್ಟಿಯೇ ಎಂದು ಖಾತ್ರಿ. ದೀಕ್ಷೆಯಾದ ಮೇಲೆ ಅಂಥದ್ದನ್ನೆಲ್ಲ ಅಪ್ಪ ಮನೆಯಲ್ಲಿ ಬಂದ್ ಮಾಡಿದ್ದ. ಅವನು ವರ್ಕ್‌ಶಾಪಿಗೆ ಹೋದ ಮೇಲೆ ಅವ್ವ ಕದ ಮುಚ್ಚಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಸಂಜೆ ಅಪ್ಪ ಬಂದು ಘಾಟಿಗೆ ಕೆಮ್ಮಿದರೆ, "ಒಗ್ಗರಣಿ ಹೊತ್ತಿತ್ತು" ಎನ್ನುತ್ತಿದ್ದಳು.

ಹೊರಗಿನವರ ಬಾಯಿಗೆ ಹೆದರಿ ನಾನು ದಣಿವನ್ನು ಬಚ್ಚಿಟ್ಟೆ. ಬೇರೆಯವರು ಆಕಳಿಸಿದರೆ ಅದು ಬರೇ ಆಕಳಿಕೆ. ನಾನು ಆಕಳಿಸಿದರೆ, ಇವರಿಗೆಲ್ಲ ಕೆಲಸ ಕೊಟ್ಟರೆ ಹೀಗೇ ಎಂಬ ಮಾತು ಬರುತ್ತದೆ. ಅದಕ್ಕೇ ಎಲ್ಲರಿಗಿಂತ ಮೊದಲು ಬರುತ್ತಿದ್ದೆ, ಕೊನೆಗೆ ಹೋಗುತ್ತಿದ್ದೆ. ಒಮ್ಮೆಯೂ ಕೂರುತ್ತಿರಲಿಲ್ಲ. ವರ್ಷದ ಕೊನೆಗೆ ತಪಾಸಣೆಗೆ ದಿಪೋಟಿ ಸಾಹೇಬರು, ಅಂದರೆ ಶಾಲೆಗಳ ಡೆಪ್ಯುಟಿ ಇನ್‌ಸ್ಪೆಕ್ಟರು, ಬರುವವರಿದ್ದರು. ಅವರು ನನ್ನ ಪಾಠ ನೋಡಿ ಸೈ ಅಂದರೆ ಕಾಯಂ, ಇಲ್ಲವಾದರೆ ಮನೆಗೆ. ಅಲ್ಲಿಯತನಕ ನಿಂತಿರಬೇಕು, ಬೀಳಬಾರದು. ನನಗೆ ತಲೆಯಲ್ಲಿ ಅದೊಂದೇ ಇತ್ತು.

ದೊಡ್ಡಕ್ಕೋರೆಂದರೆ ನಮಗೆಲ್ಲ ಅಂಜಿಕೆ. ಬಿಳಿ ಸೀರೆ, ಬಿಗಿದ ತುರುಬು, ಏರಿಸದ ಧ್ವನಿ. ಎಂದೂ ವರಾಂಡದಲ್ಲಿ ಸುಮ್ಮನೆ ಓಡಾಡುತ್ತಿರಲಿಲ್ಲ, ಯಾರು ಬೇಕಾದರೂ ಅವರ ಕುರ್ಚಿಯ ಹತ್ತಿರವೇ ಹೋಗಬೇಕು. ಮಧ್ಯಾಹ್ನದ ಊಟದ ಸೂಟಿಯಲ್ಲಿ ಮಾತ್ರ ನಕಾಶೆಯ ಕೋಣೆ ಸೇರಿ ಒಳಗಿಂದ ಚಿಲಕ ಹಾಕಿಕೊಳ್ಳುತ್ತಿದ್ದರು. ಹೊರಗೆ ಬರುವಾಗ ಕೈಯಲ್ಲಿ ಯಾವುದೋ ಒಂದು ನಕಾಶೆಯ ಸುರುಳಿ. ಅವರು ಬಂದ ಮೇಲೆಯೇ ಗಂಟೆ ಬಾರಿಸುವುದು ಶಾಲೆಯ ಪದ್ಧತಿ. ನಕಾಶೆ ಆರಿಸಲು ಅಷ್ಟು ಹೊತ್ತೇ ಎಂದು ಉಳಿದ ಅಕ್ಕೋರು ಗುಸುಗುಸು ಮಾಡುತ್ತಿದ್ದರು. ಒಳಗೆ ಜಪ ಮಾಡುತ್ತಾರೆ ಎನ್ನುವವರೂ ಇದ್ದರು.

ಒಂದು ದಿನ ಅವರು ಚಿಲಕ ಹಾಕಲು ಮರೆತಿದ್ದರು. ಪಾಠಕ್ಕೆ ನಕಾಶೆ ಬೇಕೆಂದು ನಾನು ಕದ ನೂಕಿದೆ. ಕೋಣೆಯ ನಡುವೆ ಹಳೆಯ ಮುಂಬಯಿ ಪ್ರಾಂತದ ದೊಡ್ಡ ನಕಾಶೆ ಜಂತಿಯಿಂದ ಪರದೆಯ ಹಾಗೆ ಇಳಿಬಿದ್ದಿತ್ತು. ನಾವು ಮೈಸೂರು ರಾಜ್ಯಕ್ಕೆ ಸೇರಿ ವರ್ಷಗಳಾಗಿದ್ದವು, ಅದು ಯಾವ ಪಾಠಕ್ಕೂ ಬೇಡವಾಗಿದ್ದ ನಕಾಶೆ. ಅದರ ಅಂಚಿನ ಆಚೆ ಎರಡು ಪಾದ ಕಂಡವು. ಚಾಪೆಯ ಮೇಲೆ ದೊಡ್ಡಕ್ಕೋರು, ತುರುಬು ಬಿಚ್ಚಿ, ಕೈಗಳನ್ನು ಮಗ್ಗುಲಿಗೆ ಚೆಲ್ಲಿ ಮಲಗಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ.

ಅವರು ಏಳಲಿಲ್ಲ. ಕಣ್ಣು ಮಾತ್ರ ತೆರೆದರು.

"ಕದಾ ಮುಚ್ಚು. ಚಿಲಕಾ ಹಾಕು."

ಹಾಕಿದೆ.

"ನೋಡಿದಿ. ಈಗ ಯಾರ ಮುಂದ ಹೇಳಾಕಿ?"

"ಯಾರ ಮುಂದೂ ಇಲ್ರೀ."

"ಸಾಲಿ ವ್ಯಾಳ್ಯಾದಾಗ ಮಲಗತಾರ ಅಂತ ದಿಪೋಟಿ ಸಾಹೇಬ್ರಿಗೆ ತಿಳೀತಂದ್ರ ನನ್ನ ಮನಿಗೆ ಕಳಸ್ತಾರ. ತಿಳೀತಿಲ್ಲೋ?" ಅಷ್ಟು ಹೇಳಿ ಉಸಿರು ತೆಗೆದುಕೊಂಡರು. "ನಿನ್ನ ಮಾರಿನೂ ನಾ ನೋಡಾಕತ್ತೇನಿ ತಂಗಿ. ಪಾವಟಿಗಿ ಏರೂ ಮುಂದ ಕಂಬಾ ಹಿಡಕೋತಿ. ಹಲ್ಲ ಕಚಗೊಂಡು ಪಾಠಾ ಮಾಡತಿ. ಬಾ, ಈ ಮಗ್ಗಲಿಗೆ ಅಡ್ಡಾಗು."

ನಾನು ನಿಂತಲ್ಲೇ ನಿಂತೆ. ಆ ಶಾಲೆಯಲ್ಲಿ ಉಳಿದ ಅಕ್ಕೋರು ಸುತ್ತಾಗಿ ಕುಳಿತು ಊಟ ಮಾಡುವಾಗ ನಾನು ಕಂಬದ ಹತ್ತಿರ ಬೇರೆ ಕೂರುತ್ತಿದ್ದೆ. ಬೇರೆ ಕೂರು ಎಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಯಾರೂ ಕರೆದಿರಲಿಲ್ಲ. ನನ್ನ ನೀರಿನ ತಂಬಿಗೆಯನ್ನು ಮನೆಯಿಂದಲೇ ತರುತ್ತಿದ್ದೆ.

"ದೊಡ್ಡಕ್ಕೋರ, ನಾ... ನಾವು..."

"ನೀ ಯಾರಂತ ನನಗ ಗೊತ್ತೈತಿ. ದಣದಾಕಿ. ಮಲಕೊ."

ಮಲಗಿದೆ. ಒಂದೇ ಚಾಪೆ. ಅತ್ತು ಬಿಡುತ್ತೇನೇನೋ ಅಂದುಕೊಂಡೆ, ಅಳುವುದಕ್ಕೂ ಕಸುವಿರಲಿಲ್ಲ. "ನಿದ್ದಿ ಮಾಡಬ್ಯಾಡ. ಹಲ್ಲ ಬಿಡು. ಭುಜಾ ಬಿಡು. ನೆಲಾ ನಿನ್ನ ಹೊತಗೊಳ್ಳಲಿ" ಎಂದರು. ನನ್ನ ದವಡೆ ಅಷ್ಟು ತಿಂಗಳಿಂದ ಬಿಗಿದೇ ಇತ್ತೆಂದು ಆವತ್ತು ಬಿಟ್ಟಾಗಲೇ ಗೊತ್ತಾಯಿತು. ಏಳುವಾಗ ಒಂದು ಡಬ್ಬಿಯಿಂದ ಪುಟಾಣಿ-ಬೆಲ್ಲ ತೆಗೆದು ಅಂಗೈಗೆ ಹಾಕಿದರು.

ಮರುದಿನದಿಂದ ನಾನೂ ಆ ಕೋಣೆಗೆ ಹೋಗತೊಡಗಿದೆ. ನಕಾಶೆಗಳಿಗೆ ಅಂಟು ಹಚ್ಚಲು ಸಹಾಯಕ್ಕೆ ಬೇಕು ಎಂದು ಅವರು ಎಲ್ಲರಿಗೂ ಹೇಳಿದರು. ಅವರಿಗೂ ಯಾವಾಗಲೋ ಒಂದು ಜ್ವರ ಬಂದು ಹೋದ ಮೇಲೆ ಹೀಗಾಗಿತ್ತಂತೆ. "ಇದಕ್ಕ ಹೆಸರಿಲ್ಲ. ಹೆಸರಿಲ್ಲದ ಜಡ್ಡಿಗೆ ಮಂದಿ ಆಲಸ್ಯ ಅಂತ ಹೆಸರಿಡತಾರ" ಎಂದಿದ್ದರು. ಚಾಪೆಯ ಮೇಲೆ ಹೆಚ್ಚು ಮಾತಿಲ್ಲ. ದಿನಕ್ಕೊಂದು ಮಾತು, ಅದೂ ಕಣ್ಣು ಮುಚ್ಚಿಕೊಂಡೇ.

ನಮ್ಮೂರಲ್ಲಿ ಆಗ ನಳಕ್ಕೆ ನೀರು ಬರುವುದು ದಿನ ಬಿಟ್ಟು ದಿನ, ಕೆಲವೊಮ್ಮೆ ಅದೂ ಇಲ್ಲ. ಬಂದ ದಿನ ಹಂಡೆ, ಕೊಡ, ತಂಬಿಗೆ ಎಲ್ಲ ತುಂಬಿಟ್ಟುಕೊಳ್ಳಬೇಕು. ದೊಡ್ಡಕ್ಕೋರು ಒಮ್ಮೆ ಕೇಳಿದರು, "ನೀರ ಬಂದ ದಿನಾ ನೀ ಅಂಗಳಾ ತೊಳೀತೀ ಏನು?"

"ಇಲ್ರೀ. ಹಂಗ ಮಾಡಿದ್ರ ನಾಳಿಗೆ ಕುಡಿಯಾಕ ಎಲ್ಲೆ ತರೂದ್ರೀ?"

"ಮತ್ತ ಮೈಯಾಗ ಒಂದೀಟ ಕಸುವು ಬಂದ ದಿನಾ ಮನಿ ಎಲ್ಲಾ ಸಾರಸ್ತಿ, ಅರಬಿ ಎಲ್ಲಾ ಒಗೀತಿ. ಮುಂದ ಎರಡ ದಿನಾ ಬಿದಕೋತಿ. ಛಲೋ ಅನಿಸಿದ ದಿನಾನ ಮೋಸದ ದಿನಾ. ಆವತ್ತ ಅರ್ಧಾ ಕೆಲಸಾ ಬಿಡು."

ಹೇಳಿದಷ್ಟು ಸುಲಭವಿರಲಿಲ್ಲ ಅದು. ಛಲೋ ದಿನ ಬಂದರೆ ನನಗೆ ಕುಣಿಯುವ ಹಾಗಾಗುತ್ತಿತ್ತು. ಆಗ ಕೈಕಟ್ಟಿ ಕೂರುವುದೆಂದರೆ ಶಿಕ್ಷೆ. ಮನೆಯಲ್ಲಿ ಹೇಳುವುದು ಅದಕ್ಕಿಂತ ಕಷ್ಟ. ನಳದಿಂದ ನೀರು ಹೊರುವ ಕೆಲಸ ನನ್ನದೇ ಆಗಿತ್ತು. ಎರಡು ಸಲ ಬಾಯಿವರೆಗೆ ಬಂದ ಮಾತು ನುಂಗಿದೆ. ಮೂರನೆಯ ಸಲ ಅಪ್ಪನ ಎದುರಿಗೇ, "ಇನ್ನ ಮ್ಯಾಲ ತಮ್ಮ ನೀರ ತರಲಿ. ನನ್ನ ಕಡೆ ಆಗೂದಿಲ್ಲ" ಅಂದೆ. ಅವ್ವ, "ಗಂಡ ಹುಡುಗ ಕೊಡಾ ಹೊರತಾನೇನು?" ಎಂದು ಕೂಗಾಡಿದಳು. ಅಪ್ಪ ಪಟದ ಕಡೆ ನೋಡಿದ, ನನ್ನ ಕಡೆ ನೋಡಿದ. ಆಮೇಲೆ ತಾನೇ ಕೊಡ ಎತ್ತಿಕೊಂಡು ಹೊರಟ. ಅವನ ಹಿಂದೆ ತಮ್ಮ ಓಡಿದ. ನಾನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತೆ. ನಾಚಿಕೆಯೋ ಸಮಾಧಾನವೋ ಆವತ್ತು ತಿಳಿಯಲಿಲ್ಲ.

ಶಾಲೆಯಲ್ಲಿ ದೊಡ್ಡಕ್ಕೋರು ತಮಗೆ ಮಾಡಿಕೊಂಡ ಏರ್ಪಾಡನ್ನೇ ನನಗೂ ಮಾಡಿಕೊಟ್ಟರು. ತಲೆ ಚುರುಕಾಗಿರುವ ಬೆಳಗಿನ ಹೊತ್ತಿಗೆ ಲೆಕ್ಕ, ಕೊನೆಯ ತಾಸಿಗೆ ಹುಡುಗಿಯರಿಂದ ಓದಿಸುವುದು. ಬಡಿಗನನ್ನು ಕರೆಸಿ ನನ್ನ ವರ್ಗದ ಹಲಗೆಯನ್ನು ಹುಡುಗಿಯರ ಎತ್ತರಕ್ಕೆ ಇಳಿಸಿದರು. ಪಕ್ಕಕ್ಕೊಂದು ಸ್ಟೂಲು ಹಾಕಿಸಿದರು. ಆ ಕಾಲದಲ್ಲಿ ಅಕ್ಕೋರು ಕೂತು ಪಾಠ ಮಾಡಿದರೆ ದೊಡ್ಡ ತಪ್ಪು. ಈಗ ಹುಡುಗಿಯರೇ ಎದ್ದು ಬಂದು ಹಲಗೆಯ ಮೇಲೆ ಬರೆಯುತ್ತಿದ್ದರು, ನಾನು ಸ್ಟೂಲಿನ ಮೇಲೆ ಕುಳಿತು ತಿದ್ದುತ್ತಿದ್ದೆ. ನನಗೋಸ್ಕರ ಮಾಡಿದ್ದು ಅವರಿಗೆ ಹಬ್ಬವಾಗಿತ್ತು. ಸೀಮೆಸುಣ್ಣದ ಖಡುವಿಗಾಗಿ ಜಗಳಾಡುತ್ತಿದ್ದರು.

ಪೂರ್ತಿ ನೆಟ್ಟಗಾದೆ ಎಂದು ಹೇಳಲಾರೆ. ಆದರೆ ಚಳಿಗಾಲ ಬರುವ ಹೊತ್ತಿಗೆ ಕಂಬ ಹಿಡಿಯದೆ ಶಾಲೆಯ ಮೆಟ್ಟಿಲು ಏರುತ್ತಿದ್ದೆ. ಒಂದು ಸಂಜೆ ಮನೆಗೆ ಬಂದು, ಯಾಕೋ ಏನೋ, ಹಾಡು ಗುನುಗಿದೆನಂತೆ. ಅವ್ವ ಉಪ್ಪು ಮೆಣಸಿನಕಾಯಿಯ ಗುಣ ಎಂದು ಅಪ್ಪನ ಎದುರೇ ಅಂದುಬಿಟ್ಟು ಸಿಕ್ಕಿಬಿದ್ದಳು.

ತಪಾಸಣೆಯ ದಿನ ಬಂತು. ಹಿಂದಿನ ದಿನದ ಚಿಂತೆಗೇ ನನ್ನ ಕಸುವೆಲ್ಲ ಬಸಿದುಹೋಗಿತ್ತು. ಬೆಳಿಗ್ಗೆ ಎದ್ದಾಗ ಮೊದಲಿನ ಹಾಗೇ ಮೈ ಕಬ್ಬಿಣ, ಕಣ್ಣೆದುರು ಕಪ್ಪು ಚುಕ್ಕಿ. ದಿಪೋಟಿ ಸಾಹೇಬರು ಉದ್ದನೆಯ ಆಳು, ಕುರ್ಚಿ ಹಾಕಿದರೆ ಕೂರುವವರಲ್ಲ. ಬಂದವರೇ ವರ್ಗದಿಂದ ವರ್ಗಕ್ಕೆ ಬಿರಬಿರನೆ ನಡೆದರು. ಎಂದೂ ಕುರ್ಚಿ ಬಿಡದ ದೊಡ್ಡಕ್ಕೋರು ಬೆಳಗಿನಿಂದ ಅವರ ಹಿಂದೆ ಸುತ್ತಿದರು. ನನ್ನ ಪಾಠ ಸೂಟಿಯ ನಂತರಕ್ಕೆ ಹೋಯಿತು.

ಸೂಟಿಯ ಗಂಟೆಯಾದಾಗ ನಾನು ಕಂಬ ಹಿಡಿದು ನಿಂತಿದ್ದೆ. ದೊಡ್ಡಕ್ಕೋರು ನನ್ನನ್ನು ದೂರದಿಂದಲೇ ನೋಡಿದರು. ಹತ್ತಿರ ಬಂದು, "ನೀ ಹೋಗು. ಅಡ್ಡಾಗು. ನಾ ಇವರನ್ನ ನೋಡಕೋತೇನಿ" ಎಂದರು.

"ಮತ್ತ ನೀವ್ರೀ?"

"ಹೋಗಂದೆ."

ಅವರ ತುಟಿ ಬೆಳ್ಳಗಾಗಿತ್ತು. ನಾನು ಹೋಗಿ ನಕಾಶೆಯ ಹಿಂದೆ ಮಲಗಿದೆ. ಒಳಗೆ ಮನುಷ್ಯರಿದ್ದಾರೆಂದು ಹೊರಗೆ ತಿಳಿಯಬಾರದೆಂದು ಚಿಲಕ ಹಾಕದೆ ಕದ ಬರೇ ಮುಚ್ಚಿದ್ದೆ. ಹಲ್ಲು ಬಿಟ್ಟೆ, ಭುಜ ಬಿಟ್ಟೆ. ಮೈ ಇನ್ನೇನು ನೆಲಕ್ಕೆ ಒಗ್ಗಬೇಕು, ವರಾಂಡದಲ್ಲಿ ಬೂಟಿನ ಸಪ್ಪಳ. ಸಾಹೇಬರು ಊಟಕ್ಕೆ ಹೋಗಿರಲಿಲ್ಲ, ಶಾಲೆಯ ಸಾಮಾನು ನೋಡಲು ಹೊರಟಿದ್ದರು.

ಕದ ತೆರೆಯಿತು. ನಕಾಶೆಯ ಕೆಳಗಿನ ಕೋಲಿನ ಅಡಿಯಿಂದ ಎರಡು ಕಂದು ಬೂಟು ಕಂಡವು. ಅವುಗಳ ಹಿಂದೆ ದೊಡ್ಡಕ್ಕೋರ ಸೀರೆಯ ಅಂಚು. ನಾನು ಕಾಲು ಮುದುರಿಕೊಂಡೆ. ಅಪ್ಪನ ಮುಖ, ಕಟ್ಟೆಯ ಮುದುಕರ ಮುಖ ಎಲ್ಲ ಒಮ್ಮೆಲೇ ಕಣ್ಣೆದುರು ಬಂದವು.

"ಇದು ಹಳೇ ಮುಂಬಯಿ ನಕಾಶಿ. ಇನ್ನೂ ಯಾಕ ತೂಗಹಾಕೀರಿ? ತಗದ ಒಗೀರಿ ಇದನ್ನ." ಬೂಟುಗಳು ಹತ್ತಿರ ಬಂದವು. ನಕಾಶೆಯ ಅಂಚು ಅಲುಗಿತು. ಅವರ ಬೆರಳು ನನಗೆ ಕಾಣುತ್ತಿದ್ದವು.

"ಅದರ ಹಿಂದ ಹೋಗಬ್ಯಾಡ್ರಿ ಸಾಹೇಬ್ರ." ದೊಡ್ಡಕ್ಕೋರ ಧ್ವನಿ ಎಂದಿನಂತೆಯೇ ಇತ್ತು. "ಹೆಣ್ಣಮಕ್ಕಳ ಸಾಲಿ ಇದು. ದೊಡ್ಡ ಹುಡಿಗ್ಯಾರಿಗೆ ತಿಂಗಳಿನ ಅಡಚಣಿ ಆದಾಗ ಒಂದು ಪಡದಾ ಬೇಕಾಗತೈತ್ರಿ."

ಬೆರಳುಗಳು ಬೆಂಕಿ ಮುಟ್ಟಿದ ಹಾಗೆ ಹಿಂದೆ ಸರಿದವು. ಸಾಹೇಬರು ಕೆಮ್ಮಿದರು. "ಇರ್ಲಿ, ಇರ್ಲಿ. ಇರಬೇಕಾದ್ದ ಅದು," ಎಂದು ಬಾಗಿಲಿನ ಕಡೆ ತಿರುಗಿದರು. ಎಷ್ಟೋ ವರ್ಷ ಅದನ್ನು ನೆನೆದು ನಕ್ಕಿದ್ದೇನೆ. ಆಗ ನಗು ಬರಲಿಲ್ಲ.

"ಬರ್ರಿ, ಬಾವಿ ತೋರಸ್ತೇನಿ. ಹಿತ್ತಲದಾಗ ಹುಡಿಗ್ಯಾರು ಕಾಯಿಪಲ್ಯಾ ಹಚ್ಯಾರ" ಎಂದರು ದೊಡ್ಡಕ್ಕೋರು. ಕದ ಮುಚ್ಚಿತು. ಆಮೇಲೆ ಅವರ ಧ್ವನಿಯೊಂದೇ ಕೇಳುತ್ತಿತ್ತು. ಬಾವಿಯ ಹತ್ತಿರ, ಹಿತ್ತಲಲ್ಲಿ, ಆಟದ ಬಯಲಿನ ಆ ತುದಿಯಲ್ಲಿ. ನಡು ಮಧ್ಯಾಹ್ನದ ಬಿಸಿಲಿನಲ್ಲಿ, ಕೂರಲು ಒಪ್ಪದ ಆ ಮನುಷ್ಯನನ್ನು ಸುತ್ತಿಸುತ್ತಿದ್ದರು. ಮಾತಿನ ನಡುವೆ ಉಸಿರಿಗೆ ನಿಲ್ಲುವುದು ಹೆಚ್ಚುತ್ತಾ ಹೋಯಿತು. ಎದ್ದು ಹೋಗಲೇ ಎಂದುಕೊಂಡೆ. ಎದ್ದರೆ ಅವರು ನಡೆದದ್ದೆಲ್ಲ ನೀರಿಗೆ ಹಾಕಿದ ಹಾಗೆ. ಮಲಗಿಯೇ ಇದ್ದೆ. ಅಷ್ಟು ಕಷ್ಟಪಟ್ಟು ನಾನು ಜೀವನದಲ್ಲಿ ಮಲಗಿಲ್ಲ.

ಗಂಟೆಯಾಯಿತು. ಹೊಸ ಮೈಸೂರು ರಾಜ್ಯದ ನಕಾಶೆ ಹಿಡಿದು ವರ್ಗಕ್ಕೆ ಹೋದೆ. ಕಣ್ಣೆದುರಿನ ಚುಕ್ಕಿ ಹೋಗಿದ್ದವು. ನದಿಗಳ ಪಾಠ. ನಾನು ಸ್ಟೂಲಿನ ಮೇಲೆ ಕುಳಿತೆ, ಹುಡುಗಿಯರು ಒಬ್ಬೊಬ್ಬರಾಗಿ ಬಂದು ಮಲಪ್ರಭೆಯನ್ನೂ ತುಂಗಭದ್ರೆಯನ್ನೂ ಹಲಗೆಯ ಮೇಲೆ ಹರಿಸಿದರು. ಸಾಹೇಬರ ಹುಬ್ಬು ಗಂಟಾಯಿತು. "ಅಕ್ಕೋರು ಕೂತ ಪಾಠಾ ಮಾಡತಾರಲ್ಲ?"

ದೊಡ್ಡಕ್ಕೋರು ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದರು. "ಹುಡಿಗ್ಯಾರು ನಿಂತಾರಲ್ರಿ. ಕಲಿಯೋರು ಅವರ ಅಲ್ಲೇನ್ರಿ?"

ಸಾಹೇಬರು ಹಲಗೆ ನೋಡಿದರು, ಕೆಳಗಿಳಿಸಿದ್ದನ್ನು ನೋಡಿದರು, ಹುಡುಗಿಯರ ಕೈಯ ಖಡು ನೋಡಿದರು. ಹೊಸ ಶಿಕ್ಷಣ ಪದ್ಧತಿ, ಉಳಿದ ಶಾಲೆಗಳೂ ಅನುಸರಿಸತಕ್ಕದ್ದು ಎಂದು ಬರೆದು ಹೋದರು! ನಿಲ್ಲಲಾರದ ಇಬ್ಬರು ಹೆಂಗಸರ ಉಪಾಯ ಅದೆಂದು ಆ ಪುಣ್ಯಾತ್ಮನಿಗೆ ಕೊನೆಗೂ ತಿಳಿಯಲಿಲ್ಲ. ನಾನು ಕಾಯಂ ಆದೆ. ಅಪ್ಪ ಓಣಿಗೆಲ್ಲ ಫೇಡೆ ಹಂಚಿದ.

ಮರುದಿನ ದೊಡ್ಡಕ್ಕೋರು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವರ ಕುರ್ಚಿಯ ಕಡೆ ನೋಡಲು ನನ್ನಿಂದ ಆಗುತ್ತಿರಲಿಲ್ಲ. ರಜೆ ಬೆಳೆಯುತ್ತಾ ಹೋಗಿ, ಡಾಕ್ಟರುಗಳು ನೋಡಿ, ಕೆಲಸಕ್ಕೆ ಆಗುವುದಿಲ್ಲವೆಂದು ಬರೆದರಂತೆ. ಧಾರವಾಡದ ತಮ್ಮನ ಮನೆಗೆ ಹೋದರೆಂದು ತಿಳಿಯಿತು. ಅವರ ಜಾಗಕ್ಕೆ ಬಂದವರು ಬೇಡದ ನಕಾಶೆಯನ್ನು ತೆಗೆಸಿದರು. ಚಾಪೆಯನ್ನು ಮಾತ್ರ ನಾನು ಮನೆಗೆ ತಂದೆ.

ಬೇಸಿಗೆ ಸೂಟಿಯಲ್ಲಿ ಬಸ್ಸು ಹತ್ತಿ ಧಾರವಾಡಕ್ಕೆ ಹೋದೆ. ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಕಟ್ಟಿಕೊಂಡು ಹೋಗಿದ್ದೆ. ನಿಮ್ಮ ಪಾಲಿನ ಆ ಒಂದು ತಾಸನ್ನು ನನಗೆ ಯಾಕೆ ಕೊಟ್ಟಿರಿ? ನೀವೇ ಹೇಳಿಕೊಟ್ಟದ್ದನ್ನು ನೀವೇ ಯಾಕೆ ಮೀರಿದಿರಿ? ಮಾಳಮಡ್ಡಿಯ ಆ ಮನೆಯಲ್ಲಿ, ನಡುಮನೆಯ ತಂಪು ನೆಲದ ಮೇಲೆ ಅವರು ಮಲಗಿದ್ದರು. ಕೈ ಕಡ್ಡಿಯಾಗಿತ್ತು. ನನ್ನನ್ನು ನೋಡಿ ಮುಖ ಅರಳಿತು. ನಾನು ಬಾಯಿ ತೆರೆದೆ.

"ಬಿಸಲಾಗ ಬಂದೀ. ಮದಲ ಅಡ್ಡಾಗು," ಎಂದರು. "ಮಾತ ಆಮ್ಯಾಲ."

ಮಗ್ಗುಲಲ್ಲಿ ಮಲಗಿದೆ. ಹಲ್ಲು ಬಿಟ್ಟೆ, ಭುಜ ಬಿಟ್ಟೆ. ಎದ್ದಾಗ ಬಿಸಿಲು ಇಳಿದಿತ್ತು. ಅವರಿಗೆ ನಿದ್ದೆ ಹತ್ತಿತ್ತು. ನಿದ್ದೆ ಬಂದರೆ ಎಬ್ಬಿಸಬೇಡಿ, ಅಪರೂಪಕ್ಕೆ ಬರುತ್ತದೆ ಎಂದರು ತಮ್ಮನ ಹೆಂಡತಿ. ಕೊನೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಇನ್ನೊಮ್ಮೆ ಬಂದರಾಯಿತು ಎಂದು ಹೊರಟೆ. ಮಳೆಗಾಲ ಮುಗಿಯುವುದರೊಳಗೆ ಸುದ್ದಿ ಬಂತು...

ಹೋದ ವಾರ ಆ ವಾರ್ನಿಶ್ ಘಾಟಿಗೆ ಸೊಸೆ ಓಡಿ ಬಂದಳು. "ಅತ್ತಿ, ಕಿಟಕಿ ಹಾಕಲೇನ್ರಿ? ನಿಮಗ ತ್ರಾಸ ಆಗತೈತಿ."

"ಬ್ಯಾಡವಾ, ತೆರದಿರ್ಲಿ," ಅಂದೆ.

ಅವಳು ಹೋದ ಮೇಲೆ ನೆಲದ ಮೇಲೆ ಚಾಪೆ ಹಾಸಿದೆ. ಆ ಚಾಪೆ ಎಂದೋ ಹರಿದುಹೋಯಿತು, ಇದು ಬೇರೆ. ಮಗ್ಗುಲಿಗೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ಮಲಗಿದೆ. ಇಷ್ಟು ವರ್ಷವೂ ಹಾಗೇ ಮಲಗುತ್ತಾ ಬಂದಿದ್ದೇನೆ. ಅವರು ಆಮೇಲೆ ಆಡೋಣವೆಂದ ಮಾತು ಇನ್ನೂ ಬಾಕಿ ಇದೆ.